ಮೊಲಕ್ಕೆ ಸಪ್ಪೆ ಊಟವೇ ಸೈ

ಬೇಸಿಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ಮನೆಗೆ ಬಂದ ಮೊಲ, ಗಿನಿಪಿಗ್‌ಗಳಿಗೆ ಈಗ ಮೊದಲ ಮಳೆಗಾಲ. ಬಟ್ಟಲು ತುಂಬ ಪೆಲೆಟ್ (ಪುಡಿ ಮಾಡಿ ಒತ್ತಿದ ಗುಳಿಗೆ ಆಹಾರ) ತಿಂದು ಅವು ದುಂಡಗಾಗಿವೆ. ಮನೆಮಂದಿಗೆ ಖುಷಿ, ಪಶುವೈದ್ಯರಿಗೆ ಆತಂಕ! ಪೆಲೆಟ್ ಕೊಳ್ಳುವಾಗ ನೋಡಬೇಕಾದ್ದು ಪ್ಯಾಕೆಟ್ಟಿನ ಮುಂದಿರುವ ಮುದ್ದು ಮೊಲದ ಚಿತ್ರವನ್ನಲ್ಲ, ಹಿಂಬದಿಯ ಸಣ್ಣ ಅಕ್ಷರಗಳನ್ನು.

ಶಿವಾಜಿನಗರದ ರಸೆಲ್ ಮಾರುಕಟ್ಟೆ ಸುತ್ತಲಿನ ಗಲ್ಲಿಗಳಲ್ಲಿ ಭಾನುವಾರ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಒಂದರ ಮೇಲೊಂದು ಪೇರಿಸಿದ ತಂತಿ ಪಂಜರಗಳು. ಮೇಲಿನದರಲ್ಲಿ ಲವ್ ಬರ್ಡ್ಸ್, ನಡುವೆ ಪಾರಿವಾಳ, ತೀರ ಕೆಳಗೆ ಬಿಳಿ ಮೊಲದ ಮರಿಗಳು. ಅವುಗಳ ಪಕ್ಕೆಗೆ ಒತ್ತಿಕೊಂಡು ಮುದುಡಿ ಕೂತ ಕಂದು-ಬಿಳಿ ಗಿನಿಪಿಗ್‌ಗಳು.

ಹತ್ತು ವರ್ಷದ ಹುಡುಗಿಯೊಬ್ಬಳು ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದಾಳೆ. ಎಬ್ಬಿಸಲು ನೋಡಿ ಸೋತ ಅಪ್ಪ ಕೊನೆಗೆ ಕೇಳುತ್ತಾರೆ: "ಇದಕ್ಕೆ ತಿನ್ನೋಕೆ ಏನು ಹಾಕ್ಬೇಕಣ್ಣ?"

"ಏನೂ ತಲೆಬಿಸಿ ಇಲ್ಲ ಸಾರ್. ಇದನ್ನ ಬಟ್ಟಲು ತುಂಬ ಹಾಕಿಡಿ, ಅದೇ ತಿನ್ಕೊಳ್ತದೆ. ಕ್ಯಾರೆಟ್ ಕೊಡಿ, ನೆನೆಸಿದ ಕಡಲೆ ಕೊಡಿ. ನೀರು ಮಾತ್ರ ಇಡ್ಬೇಡಿ, ಸತ್ತೋಗ್ತದೆ."

ಗೋಣಿಚೀಲದೊಳಗೆ ಡಬ್ಬ ಅದ್ದಿ ತೆಗೆದ ಹಸಿರುಗಂದು ಗುಳಿಗೆಗಳು ಪ್ಲಾಸ್ಟಿಕ್ ಕವರಿಗೆ ಸುರಿಯುತ್ತವೆ. ಕವರಿಗೊಂದು ಗಂಟು, ಮರಿಗಳಿಗೊಂದು ರಟ್ಟಿನ ಪೆಟ್ಟಿಗೆ. ವ್ಯಾಪಾರ ಮುಗಿಯಿತು.

ಆ ಒಂದು ಉಸಿರಿನಲ್ಲಿ ಬಂದ ಸಲಹೆಗಳು ನಾಲ್ಕು. ನಾಲ್ಕೂ ತಪ್ಪು.

ಇದು ಮೇ ತಿಂಗಳಲ್ಲಿ ಸಾಮಾನ್ಯವಾಗಿ ಕಾಣುವ ದೃಶ್ಯ. ಜೂನ್ ಬರುವಷ್ಟರಲ್ಲಿ ಕತೆ ಬದಲಾಗುತ್ತದೆ. ಶಾಲೆ ಶುರು, ಮಳೆ ಶುರು, ಮೊಲದ ಉಸ್ತುವಾರಿ ಅಮ್ಮನಿಗೋ ಅಜ್ಜಿಗೋ ವರ್ಗ. ಬೆಳಿಗ್ಗೆ ತಿಂಡಿ-ಡಬ್ಬಿಯ ಗಡಿಬಿಡಿಯಲ್ಲಿ ಬಟ್ಟಲಿಗೆ ಒಂದು ಲೋಟ ಪೆಲೆಟ್ ಸುರಿದರೆ ಸಂಜೆಯವರೆಗೆ ಯೋಚನೆಯಿಲ್ಲ. ಪೆಲೆಟ್ ಜನಪ್ರಿಯವಾಗಿರುವುದು ಈ ಅನುಕೂಲದಿಂದಲೇ. ಅನುಕೂಲ ಯಾರಿಗೆ ಎಂದು ಮಾತ್ರ ಕೇಳಬೇಕು.

ಬಾಯೊಳಗೆ ನಡೆಯುವುದು

ಮೊಲದ ಬಾಯಲ್ಲಿ 28 ಹಲ್ಲುಗಳಿವೆ, ಗಿನಿಪಿಗ್ ಬಾಯಲ್ಲಿ 20. ನಮ್ಮ ಕಣ್ಣಿಗೆ ಬೀಳುವುದು ಮುಂದಿನ ಬಾಚಿ ಹಲ್ಲುಗಳಷ್ಟೆ. ಒಳಗಿನ ದವಡೆ ಹಲ್ಲುಗಳೂ ಸೇರಿ ಎಲ್ಲವೂ ಪ್ರಾಣಿ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಮೊಲದ ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ವೇಗದಲ್ಲಿ ಅದು ಸವೆಯಲೂ ಬೇಕು.

ಮೊಲಕ್ಕೆ ಒಂದೆಳೆ ಒಣಹುಲ್ಲು ಕೊಟ್ಟು ಹತ್ತಿರ ಕೂತು ನೋಡಿ. ಎಳೆಯನ್ನು ಮುಂದಿನ ಹಲ್ಲು ಕತ್ತರಿಸಿ ಒಳಗೆ ತಳ್ಳುತ್ತದೆ. ಆಮೇಲೆ ಕೆಳದವಡೆ ಅಡ್ಡಡ್ಡಲಾಗಿ ಸರಿಯುತ್ತ ಅರೆಯತೊಡಗುತ್ತದೆ. ಎಳೆ ಮುಗಿಯುವವರೆಗೆ ಮೂತಿಯ ಆ ಓಲಾಟ ನಿಲ್ಲುವುದಿಲ್ಲ. ದವಡೆ ಹಲ್ಲು ಸಮವಾಗಿ ಸವೆಯುವುದು ಈ ಅಡ್ಡ ಅರೆತದಿಂದ.

ಈಗ ಒಂದು ಪೆಲೆಟ್ ಕೊಡಿ. ದವಡೆ ಮೇಲೆ-ಕೆಳಗೆ ಆಡುತ್ತದೆ, ಕಟಕಟ ಎರಡು ಸದ್ದು, ಅಷ್ಟೆ. ಗಟ್ಟಿಯಾಗಿದೆಯಲ್ಲ, ಹಲ್ಲು ಸವೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದು ಮೊದಲೇ ಪುಡಿ ಮಾಡಿ ಒತ್ತಿದ ಪದಾರ್ಥ. ಬಾಯಿಗೆ ಬಿದ್ದೊಡನೆ ಮತ್ತೆ ಪುಡಿಯಾಗುತ್ತದೆ. ಹಲ್ಲಿಗೆ ಕೆಲಸವೇ ಇಲ್ಲ.

ಕೆಲಸವಿಲ್ಲದ ಹಲ್ಲು ಸುಮ್ಮನಿರುವುದಿಲ್ಲ. ಮೊಲದ ಕೆಳಗಿನ ದವಡೆ ಹಲ್ಲುಗಳ ಅಂಚು ಮೊನಚಾಗಿ ನಾಲಿಗೆಯನ್ನು ಕೊರೆಯುತ್ತದೆ, ಮೇಲಿನವು ಕೆನ್ನೆಯ ಒಳಭಾಗವನ್ನು ಕುಯ್ಯುತ್ತವೆ. ಗಿನಿಪಿಗ್ ಪಾಡು ಇನ್ನೂ ವಿಚಿತ್ರ. ಕೆಳಹಲ್ಲುಗಳು ಎರಡೂ ಕಡೆಯಿಂದ ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಕಮಾನು ಕಟ್ಟುತ್ತವೆ. ಹಸಿವಿರುತ್ತದೆ, ಬಟ್ಟಲಿನ ಹತ್ತಿರ ಓಡಿಬರುತ್ತದೆ, ಮೂಸುತ್ತದೆ, ತಿನ್ನದೆ ಹಿಂತಿರುಗುತ್ತದೆ. ಮನೆಯವರು "ಯಾಕೋ ಮಂಕಾಗಿದೆ" ಅನ್ನುತ್ತಾರೆ.

ಹೊಟ್ಟೆಯೊಳಗಿನ ಲೆಕ್ಕವೂ ಹುಲ್ಲಿನದೇ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅದರ ತುಂಬ ಸೂಕ್ಷ್ಮಜೀವಿಗಳು. ಸುಮಾರು ಅರ್ಧ ಮಿಲಿಮೀಟರಿಗಿಂತ ದೊಡ್ಡ ನಾರಿನ ತುಣುಕುಗಳು ಕರುಳನ್ನು ಮುಂದಕ್ಕೆ ನೂಕುತ್ತ ಒಣ ಹಿಕ್ಕೆಯಾಗಿ ಹೊರಬೀಳುತ್ತವೆ. ಸಣ್ಣ ಕಣಗಳು ಹಿಂದಿರುಗಿ ಸೀಕಮ್ ಸೇರಿ ಹುದುಗುತ್ತವೆ. ಹುದುಗಿದ್ದು ಮೆತ್ತನೆಯ ಗೊಂಚಲು ಹಿಕ್ಕೆಯಾಗಿ ಬಂದಾಗ ಮೊಲ ಅದನ್ನು ನೇರವಾಗಿ ಬಾಯಿ ಹಾಕಿ ತಿನ್ನುತ್ತದೆ. ಅಸಹ್ಯ ಪಡಬೇಡಿ. ಅದರಲ್ಲಿ ಪ್ರೋಟೀನೂ ಬಿ ಜೀವಸತ್ವಗಳೂ ಇರುತ್ತವೆ, ಬಿಟ್ಟರೆ ಅದಕ್ಕೇ ನಷ್ಟ.

ಪೆಲೆಟ್ ಅತಿಯಾದರೆ ಈ ವ್ಯವಸ್ಥೆ ಹಳಿ ತಪ್ಪುತ್ತದೆ. ನಾರು ಸಾಲದೆ ಕರುಳು ನಿಧಾನವಾಗುತ್ತದೆ, ಪಿಷ್ಟ ಹೆಚ್ಚಿ ಕೆಟ್ಟ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಗಾಳಿ ತುಂಬಿ ಹೊಟ್ಟೆ ಉಬ್ಬುತ್ತದೆ. ಮೊಲವೂ ಗಿನಿಪಿಗ್ಗೂ ವಾಂತಿ ಮಾಡಲಾರವು. ಹೊಟ್ಟೆ ತುಂಬಿದ ಮೊಲ ಮೆತ್ತನೆ ಹಿಕ್ಕೆಯನ್ನು ತಿನ್ನದೆ ಬಿಡುವುದೂ ಉಂಟು. ಅದು ಹಿಂಭಾಗದ ತುಪ್ಪಳಕ್ಕೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ನೊಣ ಮುತ್ತಿ ಮೊಟ್ಟೆಯಿಟ್ಟು ಹುಳ ಬಿದ್ದರೆ ಪ್ರಾಣಕ್ಕೇ ಸಂಚಕಾರ. ದಿನಕ್ಕೊಮ್ಮೆ ಮೊಲವನ್ನು ಎತ್ತಿ ಬಾಲದಡಿ ನೋಡುವ ಅಭ್ಯಾಸ ಮಳೆಗಾಲದಲ್ಲಾದರೂ ಇರಲಿ.

▣ ನೀರು ಬೇಡವೆಂದವರು ಯಾರು?
*ಮೊಲಕ್ಕೆ ನೀರು ಕೊಟ್ಟರೆ ಸಾಯುತ್ತದೆ ಎಂಬ ಮಾತು ನಮ್ಮ ಮಾರುಕಟ್ಟೆಗಳಲ್ಲಿ ಬೇರುಬಿಟ್ಟಿದೆ. ವಾಸ್ತವದಲ್ಲಿ ಮೊಲ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರ್ ನೀರು ಕುಡಿಯುತ್ತದೆ. ಒಣ ಪೆಲೆಟ್ ತಿನ್ನುವ ಪ್ರಾಣಿಗೆ ನೀರು ಇನ್ನೂ ಹೆಚ್ಚು ಬೇಕು. ಮಗುಚದ ಭಾರದ ಬಟ್ಟಲಲ್ಲಿ ದಿನವೂ ಹೊಸ ನೀರಿಡಿ.*

ಮೂರು ತಿಂಗಳ ಊಟ, ಹತ್ತು ವರ್ಷದ ಆಯಸ್ಸು

ಪೆಲೆಟ್ ಹುಟ್ಟಿದ್ದು ಮುದ್ದಿನ ಮೊಲಕ್ಕಾಗಿ ಅಲ್ಲ. ಅದು ಮಾಂಸ, ಉಣ್ಣೆ, ಪ್ರಯೋಗಾಲಯಗಳಿಗೆಂದು ಸಾವಿರಗಟ್ಟಲೆ ಪ್ರಾಣಿ ಸಾಕುವವರ ಅಗತ್ಯ. ಎಲ್ಲಕ್ಕೂ ಒಂದೇ ಅಳತೆ, ಒಂದೇ ಪೋಷಣೆ, ಕಡಿಮೆ ಕೂಲಿ.

ನಮ್ಮಲ್ಲೂ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್ ತಳಿಗಳನ್ನು ಮಾಂಸಕ್ಕೆ ಸಾಕುವ ರೈತರಿದ್ದಾರೆ. ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ವಲಯ ಕೇಂದ್ರ ಇಂಥ ತಳಿಗಳ ಮೇಲೆ ಕೆಲಸ ಮಾಡುತ್ತದೆ. ಮಾಂಸದ ಮೊಲ 12 ವಾರಕ್ಕೆ ಸುಮಾರು 2 ಕಿಲೋ ತೂಗಬೇಕು. ಅದಕ್ಕೆ ಪ್ರೋಟೀನೂ ಪಿಷ್ಟವೂ ಹೆಚ್ಚಿರುವ ಪೆಲೆಟ್ ಬೇಕೇ ಬೇಕು. ರೈತನ ಮಟ್ಟಿಗೆ ಅದು ಸರಿಯಾದ ಆಹಾರ.

ಆದರೆ ನಿಮ್ಮ ಮನೆಯ ಬಾಲ್ಕನಿಯಲ್ಲಿರುವ ಮೊಲ 12 ವಾರಕ್ಕೆ ಮುಗಿಯುವ ಜೀವವಲ್ಲ. ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುತ್ತದೆ. ಗಿನಿಪಿಗ್‌ಗೆ 5ರಿಂದ 8 ವರ್ಷ. ಕೊಬ್ಬಿಸುವ ಊಟವನ್ನು ಬಾಳಿಡೀ ಉಣಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಅಪಾಯ ಹಿಂಡಿ-ಬೂಸಾ ಅಂಗಡಿಯದು. ದನದ ಪೆಲೆಟ್ಟೂ ಮೊಲದ ಪೆಲೆಟ್ಟೂ ಗೋಣಿಚೀಲದಲ್ಲಿ ಒಂದೇ ಥರ ಕಾಣುತ್ತವೆ, ದನದ್ದು ಅಗ್ಗ. ಆದರೆ ದನದ ಆಹಾರದಲ್ಲಿ ಯೂರಿಯಾ ಇರಬಹುದು. ದನದ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ಮೊಲಕ್ಕೆ ಅಂಥ ಹೊಟ್ಟೆಯಿಲ್ಲ. ಕೋಳಿ ಆಹಾರ ಇನ್ನೂ ಕೆಟ್ಟದು. ಬ್ರಾಯ್ಲರ್ ಕೋಳಿಗಳಿಗೆ ರಕ್ತಭೇದಿ ಬಾರದಿರಲೆಂದು ಬೆರೆಸುವ ಸಾಲಿನೋಮೈಸಿನ್, ನರಾಸಿನ್‌ನಂಥ ಔಷಧಗಳು ಮೊಲಕ್ಕೆ ವಿಷ.

ಪ್ಯಾಕೆಟ್ ತಿರುಗಿಸಿ

ಹಾಗಾದರೆ ಪೆಲೆಟ್ಟೇ ಬೇಡವೇ? ಬೇಕು, ಸ್ವಲ್ಪ. ಬಾಳೆಎಲೆಯ ಊಟದಲ್ಲಿ ಉಪ್ಪಿನಕಾಯಿ ಇದ್ದಂತೆ ಇರಬೇಕು. ಹೊಟ್ಟೆ ತುಂಬಿಸಬೇಕಾದದ್ದು ಹುಲ್ಲು. ಒಟ್ಟು ಆಹಾರದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಅದರದ್ದೇ ಆಗಬೇಕು. ಉಳಿದದ್ದರಲ್ಲಿ ಸೊಪ್ಪು, ಸ್ವಲ್ಪ ಪೆಲೆಟ್. ನಮ್ಮಲ್ಲಿ ಸಿಗುವ ಹುಲ್ಲಿನ ಗುಣ ಒಂದೊಂದು ಸಲ ಒಂದೊಂದು ಥರ ಇರುವುದರಿಂದ ಖನಿಜ, ಜೀವಸತ್ವಗಳ ಕೊರತೆ ತುಂಬಲು ಪೆಲೆಟ್ ಉಪಯೋಗಕ್ಕೆ ಬರುತ್ತದೆ.

ಪ್ಯಾಕೆಟ್ಟಿನ ಹಿಂಬದಿಯಲ್ಲಿ ಮೊದಲು ಹುಡುಕಬೇಕಾದ ಅಂಕಿ ನಾರಿನದು. ಕನಿಷ್ಠ 18 ಶೇಕಡಾ ಇರಲಿ, 20ರಿಂದ 25ರವರೆಗೆ ಇದ್ದರೆ ಇನ್ನೂ ಒಳ್ಳೆಯದು. ಬೆಳೆದ ಮೊಲಕ್ಕೆ ಪ್ರೋಟೀನ್ 12ರಿಂದ 14 ಶೇಕಡಾ ಸಾಕು, ಗಿನಿಪಿಗ್‌ಗೆ ತುಸು ಹೆಚ್ಚಿದ್ದರೂ ಸರಿ. ಕೊಬ್ಬು 3ರ ಒಳಗಿರಬೇಕು, ಕ್ಯಾಲ್ಸಿಯಂ 1 ಶೇಕಡಾ ಮೀರಬಾರದು.

ಅಂಕಿಯ ಪಕ್ಕದ ಪದವನ್ನೂ ಓದಿ. ದನ, ಕೋಳಿ ಆಹಾರದ ಚೀಲದ ಮೇಲೆ ನಾರು "ಗರಿಷ್ಠ" ಇಂತಿಷ್ಟು ಎಂದಿರುತ್ತದೆ. ಅಲ್ಲಿ ನಾರೆಂದರೆ ಹೊಟ್ಟು ಬೆರೆಸಿ ತೂಕ ಹೆಚ್ಚಿಸುವ ಮೋಸ, ಅದಕ್ಕೆ ಮಿತಿ ಹಾಕುತ್ತಾರೆ. ಮೊಲದ ಪೆಲೆಟ್ಟಿನಲ್ಲಿ ಅದು "ಕನಿಷ್ಠ" ಆಗಿರಬೇಕು. ಚೀಲ ಯಾವ ಪ್ರಾಣಿಗಾಗಿ ತಯಾರಾದದ್ದು ಎಂಬ ಗುಟ್ಟು ಎಷ್ಟೋ ಸಲ ಈ ಒಂದು ಪದದಲ್ಲೇ ಹೊರಬೀಳುತ್ತದೆ.

ಆಮೇಲೆ ಪದಾರ್ಥಗಳ ಪಟ್ಟಿ. ಮೊದಲ ಹೆಸರು ಹುಲ್ಲಿನದಾಗಿರಬೇಕು. ಬೆಳೆದ ಪ್ರಾಣಿಗೆ ಟಿಮೊಥಿ ಅಥವಾ ಬೇರೆ ಯಾವುದಾದರೂ ಹುಲ್ಲು. ಮರಿಗಳಿಗೆ, ಗಬ್ಬದ ಪ್ರಾಣಿಗೆ, ಹಾಲೂಡುವ ತಾಯಿಗೆ ಆಲ್ಫಾಲ್ಫಾ. ಇದು ನಮ್ಮ ರೈತರ ಕುದುರೆಮಸಾಲೆ ಸೊಪ್ಪೇ. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಇದರಲ್ಲಿ ಧಾರಾಳ, ಬೆಳೆಯುವ ಮೂಳೆಗೆ ಒಳ್ಳೆಯದು. ಆರೇಳು ತಿಂಗಳು ತುಂಬಿದ ಮೇಲೂ ಅದನ್ನೇ ಮುಂದುವರಿಸುವುದು ತಪ್ಪು.

ಕಾರಣವಿದೆ. ನಮ್ಮ ಕರುಳು ದೇಹಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಬಿಡುತ್ತದೆ. ಮೊಲ ಹಾಗಲ್ಲ. ತಿಂದದ್ದರಲ್ಲಿ ಬಹುಪಾಲನ್ನು ಮೊದಲು ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೊಲದ ಮೂತ್ರ ಒಣಗಿದ ಜಾಗದಲ್ಲಿ ಬಿಳಿ ಪುಡಿ ಉಳಿಯುವುದು ಇದರಿಂದಲೇ. ವರ್ಷಗಟ್ಟಲೆ ಅತಿಯಾದರೆ ಮೂತ್ರಕೋಶದಲ್ಲಿ ಕೆಸರು ಕಟ್ಟುತ್ತದೆ, ಕಲ್ಲಾಗುತ್ತದೆ. ಗಿನಿಪಿಗ್‌ಗಳಲ್ಲೂ ಮೂತ್ರಕೋಶದ ಕಲ್ಲು ಸಾಮಾನ್ಯ.

ಪಟ್ಟಿಯ ಆರಂಭದಲ್ಲೇ ಮೆಕ್ಕೆಜೋಳ, ಗೋಧಿ, ಸೋಯಾ, ಕಾಕಂಬಿ ಕಂಡರೆ ಪ್ಯಾಕೆಟ್ ಕೆಳಗಿಡಿ. ಕೆಂಪು, ಹಳದಿ, ಕಿತ್ತಳೆ ಬಣ್ಣದ ತುಣುಕು, ಸೂರ್ಯಕಾಂತಿ ಬೀಜ, ಒಣಹಣ್ಣು ಬೆರೆತ ಮಿಕ್ಸ್ ಕಂಡರೂ ಅಷ್ಟೆ. ನೋಡಲು ಚೆಂದ, ಮಕ್ಕಳಿಗೆ ಇಷ್ಟ. ಮೊಲವೂ ಮಕ್ಕಳ ಹಾಗೆಯೇ ಬೇಕಾದ್ದು ಆರಿಸಿ ತಿಂದು ಬೇಡದ್ದು ಬಿಡುತ್ತದೆ. ಬಿಡುವುದು ನಾರಿರುವ ತುಣುಕನ್ನೇ.

ಬ್ರಿಟನ್ನಿನ ಎಡಿನ್‌ಬರಾ ವಿಶ್ವವಿದ್ಯಾಲಯದ ಪಶುವೈದ್ಯರು ಮೊಲಗಳನ್ನು ಗುಂಪು ಮಾಡಿ, ಒಂದಕ್ಕೆ ಬರೀ ಹುಲ್ಲು, ಇನ್ನೊಂದಕ್ಕೆ ಹುಲ್ಲಿನ ಜೊತೆ ಒಂದೇ ಬಗೆಯ ಗುಳಿಗೆ, ಮತ್ತೆರಡಕ್ಕೆ ಇಂಥ ಬಣ್ಣದ ಮಿಕ್ಸನ್ನು ಹುಲ್ಲಿನೊಂದಿಗೆ ಮತ್ತು ಹುಲ್ಲಿಲ್ಲದೆ ಕೊಟ್ಟು 17 ತಿಂಗಳು ಗಮನಿಸಿದರು. ಮಿಕ್ಸ್ ತಿಂದವು ಆರಿಸಿ ತಿಂದವು, ಹುಲ್ಲು ಕಡಿಮೆ ಮಾಡಿದವು, ಕೊಬ್ಬಿದವು. ಹುಲ್ಲಿಲ್ಲದೆ ಬರೀ ಮಿಕ್ಸ್ ತಿಂದವುಗಳ ಹಲ್ಲು ಕೆಟ್ಟಿತು. ಅಲ್ಲಿಂದೀಚೆಗೆ ಅಲ್ಲಿನ ಪಶುವೈದ್ಯರು ಮಿಕ್ಸ್ ಬೇಡವೆಂದೇ ಹೇಳುತ್ತ ಬಂದಿದ್ದಾರೆ. ನಮ್ಮ ಅಂಗಡಿಗಳ ಶೋಕೇಸಿನಲ್ಲಿ ಮಾತ್ರ ಅದಕ್ಕಿನ್ನೂ ಮುಂದಿನ ಸಾಲು.

ನನ್ನ ಕಣ್ಣಿಗಂತೂ ಒಳ್ಳೆಯ ಪೆಲೆಟ್ಟಿನ ಲಕ್ಷಣ ಒಂದೇ: ಅದು ನೋಡಲು ಸಪ್ಪೆಯಾಗಿರಬೇಕು. ಎಲ್ಲ ಗುಳಿಗೆಗಳೂ ಒಂದೇ ಬಣ್ಣ, ಒಂದೇ ಆಕಾರ, ಮೂಸಿದರೆ ಒಣಹುಲ್ಲಿನ ವಾಸನೆ. ಅನುಮಾನವಿದ್ದರೆ ನಾಲ್ಕು ಗುಳಿಗೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಾಲು ಗಂಟೆ ಬಿಡಿ. ಹುಲ್ಲಿನಿಂದ ಮಾಡಿದ್ದು ಉಬ್ಬಿ ಬಿಚ್ಚಿಕೊಂಡು ಹಸಿರು ನಾರಿನ ಎಳೆಗಳು ಬೆರಳಿಗೆ ಸಿಗುತ್ತವೆ. ಹಿಟ್ಟು-ತೌಡಿನದಾದರೆ ಬೆಳ್ಳಗಿನ ಗಂಜಿಯಾಗಿ ತಳದಲ್ಲಿ ಕೂರುತ್ತದೆ. ಇದು ಪ್ರಯೋಗಾಲಯದ ಪರೀಕ್ಷೆಯಲ್ಲ, ಆದರೆ ಲೂಸ್ ಪೆಲೆಟ್ಟಿನ ಬಣ್ಣ ಬಯಲು ಮಾಡಲು ಸಾಕು.

▣ ಎಷ್ಟು ಹಾಕಬೇಕು?
*ಬೆಳೆದ ಮೊಲಕ್ಕೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 20ರಿಂದ 25 ಗ್ರಾಂ ಮೀರದಂತೆ. 2 ಕಿಲೋ ಮೊಲಕ್ಕೆ 50 ಗ್ರಾಂ ಎಂದರೂ 1 ಕಿಲೋ ಪ್ಯಾಕೆಟ್ 20 ದಿನ ಬರುತ್ತದೆ. ಗಿನಿಪಿಗ್‌ಗೆ ದಿನಕ್ಕೆ ಒಂದೆರಡು ದೊಡ್ಡ ಚಮಚ. ಒಂದು ದಿನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅಷ್ಟು ಹಿಡಿಸುವ ಬಟ್ಟಲೊಂದನ್ನು ಅದಕ್ಕೇ ಮೀಸಲಿಡಿ. ಮರಿಗಳಿಗೆ ಈ ಕಟ್ಟುನಿಟ್ಟಿಲ್ಲ.*

ನಾರ್ವೆಯ ಗಿನಿಪಿಗ್ ಹೇಳಿದ್ದು

ಅಂಗಡಿಯಲ್ಲಿ ಮೊಲಕ್ಕೂ ಗಿನಿಪಿಗ್‌ಗೂ ಒಂದೇ ಚೀಲದಿಂದ ಪೆಲೆಟ್ ಕೊಡುತ್ತಾರೆ. ಎರಡೂ ಹುಲ್ಲು ತಿನ್ನುವವು ತಾನೇ ಎಂಬ ಧೋರಣೆ. ಇಲ್ಲೊಂದು ಹಳೆಯ ಕತೆ ಕೇಳಬೇಕು.

ಇಪ್ಪತ್ತನೆಯ ಶತಮಾನದ ಆರಂಭ. ನಾವಿಕರನ್ನು ಕಾಡುತ್ತಿದ್ದ ಬೆರಿಬೆರಿ ಕಾಯಿಲೆಯ ಮೂಲ ಹುಡುಕುತ್ತಿದ್ದ ನಾರ್ವೆಯ ವೈದ್ಯ ಆಕ್ಸೆಲ್ ಹೋಲ್ಸ್ಟ್, ಮಕ್ಕಳ ವೈದ್ಯ ಥಿಯೊಡೋರ್ ಫ್ರೋಲಿಕ್ ಜೊತೆ ಸೇರಿ ಗಿನಿಪಿಗ್‌ಗಳಿಗೆ ಬರೀ ಧಾನ್ಯ, ಬ್ರೆಡ್ಡು ತಿನ್ನಿಸಿ ನೋಡಿದರು. ಬೆರಿಬೆರಿ ಬರಲಿಲ್ಲ. ವಸಡಿನಲ್ಲಿ ರಕ್ತ ಒಸರಿತು, ಹಲ್ಲು ಅಲುಗಾಡಿತು, ಮೂಳೆಗಳು ಮುರುಕಲಾದವು. ಹಡಗಿನವರಿಗೆ ಗೊತ್ತಿದ್ದ ಇನ್ನೊಂದು ಕಾಯಿಲೆ ಅದು: ಸ್ಕರ್ವಿ. ಎಲೆಕೋಸು, ನಿಂಬೆರಸ ಕೊಟ್ಟರೆ ಬರುತ್ತಿರಲಿಲ್ಲ. 1907ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅವರ ಅದೃಷ್ಟ ಪ್ರಾಣಿಯ ಆಯ್ಕೆಯಲ್ಲಿತ್ತು. ಇಲಿಯನ್ನೋ ಮೊಲವನ್ನೋ ಆರಿಸಿದ್ದರೆ ಏನೂ ಆಗುತ್ತಿರಲಿಲ್ಲ, ಅವು ಸಿ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಗಿನಿಪಿಗ್‌ಗೂ ಮನುಷ್ಯನಿಗೂ ಅದಕ್ಕೆ ಬೇಕಾದ ಕಿಣ್ವವಿಲ್ಲ. 1930ರ ದಶಕದ ಆರಂಭದಲ್ಲಿ ಹಂಗೆರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ತಾನು ಬೇರ್ಪಡಿಸಿದ್ದ ವಸ್ತುವೇ ಸಿ ಜೀವಸತ್ವ ಎಂದು ಸಾಬೀತು ಮಾಡಿದ್ದೂ ಗಿನಿಪಿಗ್‌ಗಳ ಮೇಲೆಯೇ. ಅದನ್ನು ಹೇರಳವಾಗಿ ಪಡೆದದ್ದು ತಾನು ಕೆಲಸ ಮಾಡುತ್ತಿದ್ದ ಸೆಗೆಡ್‌ನಲ್ಲಿ ಬೆಳೆಯುವ ಕೆಂಪು ಮೆಣಸಿನಕಾಯಿಯಿಂದ. 1937ರಲ್ಲಿ ಆತನಿಗೆ ನೊಬೆಲ್ ಬಂತು.

ಆಂಡೀಸ್ ಬೆಟ್ಟಗಳಲ್ಲಿ ಹಸಿ ಹುಲ್ಲು ಮೇಯುತ್ತಿದ್ದ ಪ್ರಾಣಿಗೆ ಈ ಕೊರತೆ ಕೊರತೆಯೇ ಆಗಿರಲಿಲ್ಲ. ನಮ್ಮ ಪಂಜರದಲ್ಲಿ ಒಣ ಪೆಲೆಟ್ ಮಾತ್ರ ತಿಂದಾಗ ಆಗುತ್ತದೆ. ಗಿನಿಪಿಗ್‌ಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಬೇಕು, ಗಬ್ಬವಾಗಿದ್ದರೆ ಹೆಚ್ಚು. ಮೊಲದ ಪೆಲೆಟ್ಟಿಗೆ ಅದನ್ನು ಸೇರಿಸುವುದಿಲ್ಲ, ಸೇರಿಸುವ ಅಗತ್ಯವೂ ಇಲ್ಲ. ಆದ್ದರಿಂದ ಗಿನಿಪಿಗ್‌ಗೆ ಅದರದೇ ಹೆಸರಿನ ಪೆಲೆಟ್ ತನ್ನಿ.

ತಂದರೂ ಅದನ್ನೇ ನೆಚ್ಚಬೇಡಿ. ಶಾಖ, ಬೆಳಕು, ತೇವ ಮೂರೂ ಈ ಜೀವಸತ್ವದ ವೈರಿಗಳು. ಸ್ಥಿರಗೊಳಿಸಿದ ರೂಪದಲ್ಲಿ ಬೆರೆಸದಿದ್ದರೆ ತಯಾರಾದ ಮೂರು ತಿಂಗಳಲ್ಲಿ ಅದರ ಬಹುಪಾಲು ಹೋಗಿಬಿಡಬಹುದು. ಅಂಗಡಿಯ ಬಾಗಿಲಿಗೆ ತೋರಣದಂತೆ ಕಟ್ಟಿ, ಮಧ್ಯಾಹ್ನದ ಬಿಸಿಲಿಗೆ ನೇತುಬಿಟ್ಟ ಪಾರದರ್ಶಕ ಪ್ಯಾಕೆಟ್ಟಿನಲ್ಲಿ ಎಷ್ಟು ಉಳಿದೀತು?

ನಿತ್ಯ ಒಂದು ಚೂರು ದೊಣ್ಣೆಮೆಣಸಿನಕಾಯಿ ಕೊಡುವುದು ಸುಲಭದ ದಾರಿ. ಕೆಂಪಿನದಾದರೆ 25 ಗ್ರಾಂ ತುಂಡಿನಲ್ಲಿ ಸುಮಾರು 30 ಮಿಲಿಗ್ರಾಂ ಸಿಗುತ್ತದೆ. ಕೊತ್ತಂಬರಿ ಸೊಪ್ಪು ಕೊಡಬಹುದು. ಸೀಬೆಹಣ್ಣಿನಲ್ಲಿ ಇನ್ನೂ ಹೆಚ್ಚಿದೆ, ಆದರೆ ಸಿಹಿಯೂ ಇದೆ, ಯಾವಾಗಲಾದರೊಮ್ಮೆ ಬೆರಳಗಲದ ಹೋಳು ಸಾಕು. ಕುಡಿಯುವ ನೀರಿಗೆ ಹನಿ ಹಾಕುವುದು ವ್ಯರ್ಥ. ನೀರಲ್ಲಿ ಅದು ಬೇಗ ಕೆಡುತ್ತದೆ, ರುಚಿ ಕೆಟ್ಟದ್ದಕ್ಕೆ ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

▣ ಒಂದೇ ಪಂಜರ ಬೇಡ
*ಮೊಲ, ಗಿನಿಪಿಗ್ ಒಟ್ಟಿಗೆ ಮುದ್ದಾಗಿ ಕಾಣುತ್ತವೆ. ಆದರೆ ಮೊಲದ ಹಿಂಗಾಲಿನ ಒದೆತಕ್ಕೆ ಗಿನಿಪಿಗ್ ಮೂಳೆ ಮುರಿಯಬಹುದು. ಮೊಲದ ಮೂಗಿನಲ್ಲಿ ತೊಂದರೆ ಕೊಡದೆ ಇರುವ ಬೋರ್ಡಟೆಲ್ಲಾ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರಬಲ್ಲದು. ಊಟ ಬೇರೆಯಾದ ಮೇಲೆ ಮನೆಯೂ ಬೇರೆ ಇರಲಿ.*

ಹುಲ್ಲು ಎಲ್ಲಿದೆ ಸ್ವಾಮಿ?

"ಹುಲ್ಲು ಹಾಕಿ ಅಂತೀರಿ, ಜಯನಗರದ ಮೂರನೇ ಮಹಡಿಯಲ್ಲಿ ಹುಲ್ಲು ಎಲ್ಲಿ ತರೋದು?" ನ್ಯಾಯವಾದ ಪ್ರಶ್ನೆ. ವಿದೇಶಿ ಪುಸ್ತಕಗಳೆಲ್ಲ ಜಪಿಸುವ ಟಿಮೊಥಿ ಚಳಿ ದೇಶದ ಹುಲ್ಲು. ನಮ್ಮಲ್ಲಿಗೆ ಹೆಚ್ಚಾಗಿ ಆಮದಾಗಿಯೇ ಬರುತ್ತದೆ, ಬೆಲೆಯೂ ಹಾಗೆಯೇ. ಹುಲ್ಲು ದುಬಾರಿ, ಪೆಲೆಟ್ ಅಗ್ಗ ಎಂಬಲ್ಲಿಗೆ ಎಷ್ಟೋ ಮನೆಗಳಲ್ಲಿ ಉಪ್ಪಿನಕಾಯಿಯೇ ಊಟವಾಗಿಬಿಟ್ಟಿದೆ.

ಆದರೆ ಟಿಮೊಥಿಯೇ ಆಗಬೇಕೆಂದು ಯಾವ ಮೊಲವೂ ಹಟ ಹಿಡಿದಿಲ್ಲ. ಕುದುರೆ ಸಾಕುವವರು ಬಳಸುವ ರೋಡ್ಸ್ ಹುಲ್ಲು, ಓಟ್ಸ್ ಹುಲ್ಲು ಒಣಗಿಸಿದ್ದು ಸಿಕ್ಕರೆ ಆಯಿತು. ಗಣೇಶನಿಗೆಂದು ದೇವಸ್ಥಾನದ ಮುಂದೆ ಕಟ್ಟು ಕಟ್ಟಿ ಮಾರುವ ಗರಿಕೆಯೂ ಒಳ್ಳೆಯ ಮೇವೇ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದೇ ಜಾತಿಯ ಹುಲ್ಲನ್ನು ಎಕರೆಗಟ್ಟಲೆ ಬೆಳೆದು ಒಣಗಿಸಿ ಕುದುರೆಗಳಿಗೆ ಹಾಕುತ್ತಾರೆ. ಔಷಧ ಸಿಂಪಡಿಸಿದ ಪಾರ್ಕಿನದು, ಬೀದಿನಾಯಿ ಓಡಾಡುವ ಜಾಗದ್ದು ಮಾತ್ರ ಬೇಡ. ತೊಳೆದು, ನೀರು ಬಸಿದು ಕೊಡಿ. ಹಸಿ ಹುಲ್ಲು ಅಭ್ಯಾಸವಿಲ್ಲದ ಮೊಲಕ್ಕೆ ಮೊದಲ ದಿನವೇ ರಾಶಿ ಹಾಕಬೇಡಿ.

ಭತ್ತದ ಹುಲ್ಲು? ಮಲಗಲು ಹಾಸಬಹುದು, ಕಡಿಯಲು ಕೊಡಬಹುದು. ಕಾಳು ಬಿಡಿಸಿಕೊಂಡ ಮೇಲೆ ಉಳಿದ ಕಡ್ಡಿಯಾದ್ದರಿಂದ ಸತ್ವ ಕಡಿಮೆ, ಅದೊಂದೇ ಸಾಲದು. ಇನ್ನು ಕ್ಯಾರೆಟ್. 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲ ಕ್ಯಾರೆಟ್ ಕಡಿಯುತ್ತ ನಿಂತದ್ದೇ ತಡ, ಜಗತ್ತಿನ ಮೊಲಗಳಿಗೆಲ್ಲ ಅದೇ ಊಟವೆಂದು ಜನ ತೀರ್ಮಾನಿಸಿಬಿಟ್ಟರು. ಗೆಡ್ಡೆಯಲ್ಲಿ ಸಕ್ಕರೆ ಅಂಶ ಜಾಸ್ತಿ, ಅಪರೂಪಕ್ಕೆ ಒಂದು ಬಿಲ್ಲೆ ಸಾಕು. ಮೇಲಿನ ಸೊಪ್ಪು ಕೊಡಬಹುದು. ನೆನೆಸಿದ ಕಡಲೆ, ಬಿಸ್ಕತ್ತು, ಬ್ರೆಡ್ಡು ಬೇಡವೇ ಬೇಡ.

ಮಳೆಗಾಲದ ಡಬ್ಬಿ

ಈಗ ಕೆಡದಂತೆ ಇಡುವ ಮಾತು. ಪೆಲೆಟ್ ಗಾಳಿಯ ತೇವ ಹೀರುತ್ತದೆ. ಮಂಗಳೂರಿನಲ್ಲೋ ಮಡಿಕೇರಿಯಲ್ಲೋ ಜುಲೈ ತಿಂಗಳಲ್ಲಿ ಪ್ಯಾಕೆಟ್ ಬಾಯಿ ತೆರೆದಿಟ್ಟರೆ ಗುಳಿಗೆ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಬೂಸಲು ಹಿಡಿಯುತ್ತದೆ. ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ ಇರುವ ಪೆಲೆಟ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷದ ಭಯ ಹೆಚ್ಚು. ಅದು ಯಕೃತ್ತನ್ನೇ ಹಾಳು ಮಾಡುತ್ತದೆ. ಬಿಸಿಲಿಗೆ ಹಾಕಿ ಒಣಗಿಸಿದರೆ ಬೂಸಲು ಹೋಗಬಹುದು, ವಿಷ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದರೆ ಪ್ಯಾಕೆಟ್ಟನ್ನೇ ಎಸೆಯಬೇಕು, ಜಿಪುಣತನ ಬೇಡ.

ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿ, ಒಲೆಯಿಂದ ದೂರ, ಕತ್ತಲಲ್ಲಿಡಿ. ಪ್ಯಾಕೆಟ್ಟಿನ ಚೀಟಿಯನ್ನು ಕತ್ತರಿಸಿ ಡಬ್ಬಿಯೊಳಗೇ ಹಾಕಿಟ್ಟರೆ ತಯಾರಾದ ತಿಂಗಳು ಕೈಗೆ ಸಿಗುತ್ತದೆ. 5 ಕಿಲೋ ಚೀಲಕ್ಕೆ ರಿಯಾಯಿತಿ ಇದ್ದರೂ 1 ಕಿಲೋ ಪ್ಯಾಕೆಟ್ಟೇ ತನ್ನಿ. ಎರಡು ಗಿನಿಪಿಗ್ ಸೇರಿ ದಿನಕ್ಕೆ 30 ಗ್ರಾಂ ತಿಂದರೂ ಅದು ತಿಂಗಳಿಗೆ ಸರಿಹೋಗುತ್ತದೆ. ಲೂಸ್ ಪೆಲೆಟ್ಟಿನ ದೊಡ್ಡ ದೋಷವೆಂದರೆ ಅದಕ್ಕೆ ಚೀಟಿಯೇ ಇಲ್ಲ. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಒಳಗೇನಿದೆ, ಯಾವುದಕ್ಕೂ ಉತ್ತರವಿಲ್ಲ. ಮುದ್ರಿಸಿದ ಚೀಟಿಯಿರುವ ಪ್ಯಾಕೆಟ್ಟಿಗೆ ಒಂದಷ್ಟು ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಇದನ್ನೆಲ್ಲ ಓದಿ ನಾಳೆಯೇ ಹಳೆಯ ಪೆಲೆಟ್ ಎಸೆದು ಹೊಸದನ್ನು ಸುರಿಯಬೇಡಿ. ಸೀಕಮ್ಮಿನ ಸೂಕ್ಷ್ಮಜೀವಿಗಳಿಗೆ ದಿಢೀರ್ ಬದಲಾವಣೆ ಆಗಿಬರುವುದಿಲ್ಲ. ಹಳೆಯದರಲ್ಲಿ ಕಾಲು ಭಾಗ ಹೊಸದು ಬೆರೆಸಿ ಆರಂಭಿಸಿ, ವಾರ-ಹತ್ತು ದಿನದಲ್ಲಿ ಪೂರ್ತಿ ಬದಲಿಸಿ. ಗಿನಿಪಿಗ್ ಈ ವಿಷಯದಲ್ಲಿ ಮೊಲಕ್ಕಿಂತ ಹಟಮಾರಿ. ಮರಿಯಾಗಿದ್ದಾಗ ಕಾಣದ ತಿನಿಸನ್ನು ದೊಡ್ಡದಾದ ಮೇಲೆ ಮೂಸಿಯೂ ನೋಡದೆ ಉಪವಾಸ ಕೂರುತ್ತದೆ. ಹಸಿದರೆ ತಾನೇ ತಿನ್ನುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೊನೆಗೊಂದು ಕೋರಿಕೆ. ನಾಯಿ-ಬೆಕ್ಕು ನೋಡುವ ಎಲ್ಲ ಪಶುವೈದ್ಯರೂ ಮೊಲದ ಹಲ್ಲು ನೋಡುವುದಿಲ್ಲ. ನೋಡುವವರು ನಿಮ್ಮೂರಲ್ಲಿ ಯಾರೆಂದು ಮೊಲಕ್ಕೆ ಹುಷಾರಿದ್ದಾಗಲೇ ವಿಚಾರಿಸಿ, ಫೋನ್ ನಂಬರ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಮೊಲವಾಗಲಿ ಗಿನಿಪಿಗ್ ಆಗಲಿ ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಮೂಲೆ ಹಿಡಿದಿದ್ದರೆ ಅದು ತುರ್ತು ಪರಿಸ್ಥಿತಿ. ಭಾನುವಾರವಾದರೂ ಸೋಮವಾರಕ್ಕೆ ಕಾಯಬೇಡಿ.